ಪೆನ್‌ಡ್ರೈವ್ ಕೀಳುವ ಮುಂಚೆ

ಸಂಪಾದಕರಿಗೆ ನಮಸ್ಕಾರ.

ನಮ್ಮ ಶಿರಸಿಯಲ್ಲಿ ಮಕ್ಕಳಿಗೆ ಲಿನಕ್ಸ್ ಕಲಿಸುವವರು ಎಲ್‌ಎಸ್, ಸಿಡಿ, ಸಿಪಿ ಅಂತ ಫೈಲ್ ಪಟ್ಟಿ ನೋಡುವ, ಫೋಲ್ಡರ್ ಬದಲಿಸುವ, ಕಾಪಿ ಮಾಡುವ ಕಮಾಂಡ್ ಬಾಯಿಪಾಠ ಮಾಡಿಸಿ ಕೈ ತೊಳೆದುಕೊಳ್ಳುತ್ತಾರೆ. ಮೌಂಟ್, ಅಂದರೆ ಪೆನ್‌ಡ್ರೈವ್‌ನಂಥದ್ದನ್ನು ಜೋಡಿಸುವ ವಿಷಯ ಯಾರೂ ಎತ್ತುವುದೇ ಇಲ್ಲ. ವಿಂಡೋಸ್‌ನ ಹಾಗೆ ಇಲ್ಲಿ ಸಿ ಡ್ರೈವ್, ಡಿ ಡ್ರೈವ್ ಇಲ್ಲ, ಎಲ್ಲ ಫೋಲ್ಡರ್‌ಗಳೂ ಒಂದೇ ರೂಟ್‌ನಿಂದ, ಅಂದರೆ ಬುಡದ ಫೋಲ್ಡರಿನಿಂದ ಹೊರಡುತ್ತವೆ, ಪೆನ್‌ಡ್ರೈವನ್ನೂ ಅದರಲ್ಲೇ ಒಂದು ಫೋಲ್ಡರಿಗೆ ಮಾವಿನ ಕಸಿ ಕಟ್ಟಿದ ಹಾಗೆ ಸೇರಿಸಬೇಕು. ಆ ಫೋಲ್ಡರಿನಲ್ಲಿ ಮೊದಲೇ ಫೈಲ್ ಇದ್ದರೆ ಕಾಣುವುದಿಲ್ಲ. ಅಳಿಸಿಹೋಯ್ತು ಅಂತ ಸುಮ್ನೆ ಗಾಬರಿ! ಯುಮೌಂಟ್ ಮಾಡಿದರೆ, ಅಂದರೆ ಆ ಜೋಡಣೆ ಬಿಡಿಸಿದರೆ, ಮತ್ತೆ ಕಾಣುತ್ತವೆ.

ಜಾಸ್ತಿ ನಷ್ಟ ಆಗುವುದು ಕೀಳುವಾಗ. ಸಿಪಿ ಮುಗಿದು ಮುಂದಿನ ಕಮಾಂಡ್ ಕೇಳುವ ಪ್ರಾಂಪ್ಟ್ ಬಂದರೂ ಡೇಟಾ ಇನ್ನೂ ರ‍್ಯಾಮ್‌ನಲ್ಲೇ ಇರಬಹುದು, ಯುಮೌಂಟ್ ಕೊಟ್ಟು ಅದು ಮುಗಿದರೆ ಡೇಟಾ ಪೂರ್ತಿ ಪೆನ್‌ಡ್ರೈವ್‌ಗೆ ಇಳಿದಿದೆ ಅಂತ ಖಾತ್ರಿ. ಇತ್ತೀಚೆಗೆ ಒಂದು ಅಂಗಡಿಯವರು ನನ್ನ ಪಹಣಿಯ ಸ್ಕ್ಯಾನ್ ಕಾಪಿ ಮಾಡಿ ತಟ್ಟನೆ ಕಿತ್ತು ಕೊಟ್ಟರು, ಮನೆಗೆ ಬಂದು ನೋಡಿದರೆ ಫೈಲಿನ ಹೆಸರಿದೆ, ಗಾತ್ರ ಸೊನ್ನೆ. ದುಡ್ಡು ಮಾತ್ರ ಪೂರ್ತಿ ತಗೊಂಡಿದ್ದರು ಅನ್ನಿ.

ಯುಮೌಂಟ್ ಕೊಟ್ಟಾಗ ‘ಟಾರ್ಗೆಟ್ ಈಸ್ ಬಿಜಿ’ (ಆ ಜಾಗ ಬಳಕೆಯಲ್ಲಿದೆ) ಅಂದರೆ ಸಾಮಾನ್ಯವಾಗಿ ಕಮಾಂಡ್ ಕೊಡುವ ನಮ್ಮ ಟರ್ಮಿನಲ್ಲೇ ಪೆನ್‌ಡ್ರೈವ್ ಸೇರಿಸಿದ ಫೋಲ್ಡರಿನೊಳಗೆ ಕೂತಿರುತ್ತದೆ. ಸಿಡಿ ಕೊಟ್ಟು ಹೊರಗೆ ಬಂದರಾಯಿತು. ಇಷ್ಟನ್ನು ಮೊದಲ ವಾರವೇ ಕಲಿಸಬಹುದಲ್ವಾ?

– ಓದುಗ, ಶಿರಸಿ