ಹಿಡಿತಕ್ಕೆಂದು ಹಣ ಪಡೆದು ಹೊಗೆ ಕೊಟ್ಟ ಬಗ್ಗೆ ದೂರು

ಚಿಂಚವಡ, ಪುಣೆ
10 ಮಾರ್ಚ್ 2025

ಗೆ,
ಮಾಲೀಕರು,
ಕಾರ್ ಟ್ಯೂನಿಂಗ್ ಗ್ಯಾರೇಜು,
ಭೋಸರಿ, ಪುಣೆ

ವಿಷಯ: ಹಿಂಬದಿ ಚಕ್ರ ಚಾಲನೆಯ ಕಾರಿಗೆ ಮಾಡಿದ ‘ಟ್ರಾಕ್ಷನ್ ಪ್ಯಾಕೇಜ್’ ಕೆಲಸದಲ್ಲಿನ ಲೋಪ ಹಾಗೂ ಹಣ ವಾಪಸಾತಿ

ಮಾನ್ಯರೇ,

ನಿಮ್ಮಲ್ಲಿ 4,76,000 ರೂಪಾಯಿ ತೆತ್ತು ‘ಟ್ರಾಕ್ಷನ್ ಪ್ಯಾಕೇಜ್’, ಎಂದರೆ ಟೈರು ನೆಲ ಹಿಡಿಯುವಂತೆ ಮಾಡುವ ಕೆಲಸ, ಮಾಡಿಸಿದ ಮೇಲೆ ನನ್ನ ಕಾರು ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಡ್ರ್ಯಾಗ್ ಓಟದಲ್ಲಿ ಮೊದಲಿಗಿಂತ ನಿಧಾನವಾಗಿದೆ. ಇದು ನನ್ನ ಅನಿಸಿಕೆಯಲ್ಲ, ಓಟದ ಸಮಯ, ವೇಗ ದಾಖಲಾಗುವ ಚೀಟಿಯಾದ ಟೈಮ್ ಸ್ಲಿಪ್‌ನಲ್ಲಿ ಅಚ್ಚಾಗಿರುವ ಸಂಗತಿ. ಫೋನ್ ಮಾಡಿದಾಗಲೆಲ್ಲ ನೀವು ಕೊಟ್ಟಿದ್ದು ಹಾರಿಕೆಯ ಉತ್ತರ. ಆದ್ದರಿಂದ ಈ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನೀವು ಹುಬ್ಬಳ್ಳಿಯವರು, ನಾನು ಧಾರವಾಡದವನು. ವ್ಯವಹಾರದ ಮಾತೆಲ್ಲ ಕನ್ನಡದಲ್ಲೇ ನಡೆದದ್ದರಿಂದ ದೂರೂ ಕನ್ನಡದಲ್ಲಿದೆ. ಮುಂದೆ ಬೇಕಾದೀತೆಂದು ಮರಾಠಿ ಪ್ರತಿಯನ್ನೂ ಸಿದ್ಧಪಡಿಸಿ ಇಟ್ಟಿದ್ದೇನೆ.

ಕೆಲಸ ಒಪ್ಪಿಸುವಾಗ ನಾನು ಕೇಳಿದ್ದು ಒಂದನ್ನೇ. ನನ್ನ ಬಿಎಂಡಬ್ಲ್ಯು 3 ಸರಣಿಯ ಎರಡು ಲೀಟರ್ ಟರ್ಬೊ ಪೆಟ್ರೋಲ್ ಕಾರು ನಿಂತಲ್ಲಿಂದ ಹೊರಡುವಾಗ ಹಿಂದಿನ ಚಕ್ರಗಳು ಸುಮ್ಮನೆ ತಿರುಗುತ್ತವೆ, ಆ ತಿರುಗಾಟ ನಿಲ್ಲಬೇಕು, ಎಂದಿದ್ದೆ. ಹೆಚ್ಚು ಪವರ್ ಬೇಕೆಂದು ನಾನು ಕೇಳಿರಲಿಲ್ಲ. ಕಾರ್ಖಾನೆಯಿಂದ ಬಂದಾಗಲೇ ಈ ಎಂಜಿನ್‌ಗೆ 350 ನ್ಯೂಟನ್ ಮೀಟರ್ ಟಾರ್ಕ್, ಎಂದರೆ ತಿರುಗಿಸುವ ಬಲ, ಇದೆ. ಮೊದಲ ಗೇರು ಮತ್ತು ಹಿಂದಿನ ಚಕ್ರಗಳ ನಡುವಿನ ಕೊನೆಯ ಗೇರು ಜೋಡಿಯಾದ ಫೈನಲ್ ಡ್ರೈವ್ ಸೇರಿ ಅದನ್ನು ಹನ್ನೆರಡು ಪಟ್ಟಿಗೂ ಹೆಚ್ಚು ಮಾಡುತ್ತವೆ. ಟೈರಿನ ತ್ರಿಜ್ಯ ಸುಮಾರು 33 ಸೆಂಟಿಮೀಟರ್ ಎಂದು ಹಿಡಿದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಹತ್ತಿರ ಹತ್ತಿರ 1,300 ಕೆಜಿ ತೂಕಕ್ಕೆ ಸಮ. ಚಾಲಕನೂ ಸೇರಿ 1,600 ಕೆಜಿ ತೂಗುವ ಕಾರಿನ ಅರ್ಧ ಭಾರ, ಎಂದರೆ 800 ಕೆಜಿ, ಹಿಂದಿನ ಚಕ್ರಗಳ ಮೇಲಿರುತ್ತದೆ. ಹೊರಟಾಗ ಭಾರ ಹಿಂದಕ್ಕೆ ವಾಲುವುದನ್ನು ಸೇರಿಸಿದರೂ 950 ಕೆಜಿ ದಾಟುವುದು ಕಷ್ಟ. ರಸ್ತೆಯ ಟೈರು ಧೂಳಿನ ನೆಲದಲ್ಲಿ ತನ್ನ ಮೇಲಿನ ಭಾರದಷ್ಟು ಹಿಡಿತ ಕೊಟ್ಟರೆ ಅದೇ ಪುಣ್ಯ. ಹೀಗಿರುವಾಗ ಕೊರತೆ ಇರುವುದು ಎಂಜಿನ್‌ನಲ್ಲೋ, ನೆಲ ಹಿಡಿಯುವುದರಲ್ಲೋ ಎಂಬುದಕ್ಕೆ ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ಈ ಲೆಕ್ಕವನ್ನು ನಿಮ್ಮ ಮೇಜಿನ ಮೇಲೇ ಬರೆದು ತೋರಿಸಿದ್ದೆ. ನೀವು ತಲೆಯಾಡಿಸಿ, ಎಲ್ಲಕ್ಕೂ ಮೊದಲು ಎಂಜಿನ್ ರೀಮ್ಯಾಪ್ ಮಾಡಿ, ಎಂದರೆ ಅದನ್ನು ನಿಯಂತ್ರಿಸುವ ಕಂಪ್ಯೂಟರಿನ ಲೆಕ್ಕ ತಿದ್ದಿ, 440 ನ್ಯೂಟನ್ ಮೀಟರ್‌ಗೆ ಏರಿಸಿದಿರಿ.

ಈಗ ಸ್ಲಿಪ್‌ಗಳ ಮಾತು. ಎರಡೂ ಲೋನಾವಳದ ಹತ್ತಿರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನವು, ಕಾಲು ಮೈಲಿಯವು, ಎಂದರೆ 402 ಮೀಟರಿನವು. ನಿಮ್ಮ ಕೈಗೆ ಕಾರು ಬರುವ ಮೊದಲು ಮೊದಲ 60 ಅಡಿಗೆ 2.2 ಸೆಕೆಂಡು, ಒಟ್ಟು 14.5 ಸೆಕೆಂಡು, ಕೊನೆಯಲ್ಲಿ ಗಂಟೆಗೆ 156 ಕಿಲೋಮೀಟರ್ ವೇಗ. ನಿಮ್ಮ ಕೆಲಸದ ನಂತರ ಮೊದಲ 60 ಅಡಿಗೆ 2.6 ಸೆಕೆಂಡು, ಒಟ್ಟು 14.6 ಸೆಕೆಂಡು, ಕೊನೆಯ ವೇಗ 167. ಕೊನೆಯ ವೇಗ ಹನ್ನೊಂದು ಕಿಲೋಮೀಟರ್ ಏರಿದೆ, ಪವರ್ ಬಂದಿರುವುದು ನಿಜ. ಆದರೂ ಒಟ್ಟು ಸಮಯ ಕೆಟ್ಟಿದೆ. ಡ್ರ್ಯಾಗ್ ಓಟದಲ್ಲಿ ಆರಂಭದ 60 ಅಡಿಯಲ್ಲಿ ಕಳೆದುಕೊಂಡದ್ದು ಅಷ್ಟಕ್ಕೇ ನಿಲ್ಲುವುದಿಲ್ಲ, ಕೊನೆ ಮುಟ್ಟುವಷ್ಟರಲ್ಲಿ ಒಂದೂವರೆ ಪಟ್ಟಿನ ಆಸುಪಾಸಿಗೆ ಬೆಳೆದಿರುತ್ತದೆ. ರೀಮ್ಯಾಪ್ ಗಳಿಸಿಕೊಟ್ಟದ್ದನ್ನೆಲ್ಲ ನಿಮ್ಮ ‘ಟ್ರಾಕ್ಷನ್’ ಕೆಲಸ ಗೆರೆಯ ಬುಡದಲ್ಲೇ ಕಳೆದಿದೆ. ಇದನ್ನು ಫೋನಿನಲ್ಲಿ ಹೇಳಿದಾಗ ನೀವು ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ: “ಹೊಗೆ ಬರುತ್ತಿದೆ ಎಂದರೆ ಪವರ್ ಬಂದಿದೆ ಎಂದೇ ಅರ್ಥ ಸರ್.” ಹೊಗೆ ನೋಡಿ ಚಪ್ಪಾಳೆ ತಟ್ಟುವವರು ಬಹಳ ಜನ ಇರಬಹುದು. ಸ್ಲಿಪ್ಪಿನಲ್ಲಿ ಅದಕ್ಕೆ ಅಂಕಣವಿಲ್ಲ.

ನನಗೆ ಮೊದಲು ಅನುಮಾನ ಹುಟ್ಟಿಸಿದ್ದು ನೆಲದ ಮೇಲಿನ ಗುರುತು. ಸ್ಟಾರ್ಟ್ ಗೆರೆಯಿಂದ ಮುಂದಕ್ಕೆ ಕಾರು ಬಿಟ್ಟುಹೋದದ್ದು ಒಂದೇ ಕಪ್ಪು ಪಟ್ಟಿ, ಅದೂ ಎಡಗಡೆಯದು. ಚಾಲಕ ಕೂರುವುದು ಬಲಕ್ಕೆ, ಹಾಗಾಗಿ ಎಡ ಚಕ್ರದ ಮೇಲೆ ಭಾರ ಸ್ವಲ್ಪ ಕಡಿಮೆ. ಎರಡು ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಶಿಯಲ್‌ಗೆ ಲಾಕ್ ಆಗುವ ಗುಣ ಇಲ್ಲದಿದ್ದರೆ ಹಗುರವಾದ ಚಕ್ರ ತಿರುಗತೊಡಗುತ್ತದೆ, ಇನ್ನೊಂದಕ್ಕೂ ಆ ಜಾರುವ ಚಕ್ರದಷ್ಟೇ ಅಲ್ಪ ಬಲ ಸಿಗುತ್ತದೆ. ಒಂದೇ ಚಕ್ರ ಜಾರುವುದನ್ನು ತಡೆದು ಇನ್ನೊಂದಕ್ಕೂ ಬಲ ಕೊಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಇದ್ದಿದ್ದರೆ ನೆಲದಲ್ಲಿ ಎರಡು ಪಟ್ಟಿಗಳು ಮೂಡಬೇಕಿತ್ತು. ನಿಮ್ಮ ಬಿಲ್ಲಿನಲ್ಲಿ ‘ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್, ಕ್ಲಚ್ ಪ್ಲೇಟ್ ಮಾದರಿ, ಜೋಡಣೆ ಸಹಿತ 1,78,000 ರೂಪಾಯಿ’ ಎಂದಿದೆ.

ಚಿಂಚವಡದಲ್ಲೇ ಇನ್ನೊಬ್ಬ ಮೆಕ್ಯಾನಿಕ್ ಬಳಿ ಕಾರನ್ನು ಲಿಫ್ಟ್ ಮೇಲೆ ಏರಿಸಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹಿಂದಿನ ಎಡ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದೆ. ಬಲ ಚಕ್ರ ಯಾವ ಬಿಗಿಯೂ ಇಲ್ಲದೆ ತದ್ವಿರುದ್ಧ ದಿಕ್ಕಿಗೆ ತಿರುಗಿತು. ಹೆಲಿಕಲ್ ಗೇರ್ ಮಾದರಿಯ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಕೂಡ ಗಾಳಿಯಲ್ಲಿ ಹೀಗೆ ತಿರುಗಬಹುದು ಎಂದು ನೀವು ವಾದಿಸಬಹುದು. ಆ ವಾದ ನಿಜವೇ. ಆದರೆ ಬಿಲ್ಲಿನಲ್ಲಿ ನೀವೇ ಬರೆದದ್ದು ಕ್ಲಚ್ ಪ್ಲೇಟ್ ಮಾದರಿ. ಪ್ಲೇಟುಗಳ ಬಿಗಿತ ಇರುವುದರಿಂದ ಅದರಲ್ಲಿ ಎರಡೂ ಚಕ್ರಗಳು ಒಂದೇ ದಿಕ್ಕಿಗೆ ತಿರುಗಲು ನೋಡಬೇಕು. ಇನ್ನೂ ಒಂದು ಸಂಗತಿ: ಡಿಫರೆನ್ಶಿಯಲ್ ಹಿಂಬದಿಯ ಮುಚ್ಚಳದ ಬೋಲ್ಟ್‌ಗಳ ಮೇಲೆ ಹಾಕಿದ್ದ ಹಳದಿ ಬಣ್ಣದ ಗುರುತು ಬೋಲ್ಟಿನಿಂದ ಮುಚ್ಚಳದವರೆಗೆ ಒಂದೇ ಗೆರೆಯಾಗಿ ಉಳಿದಿದೆ, ಎಲ್ಲಿಯೂ ಕದಲಿಲ್ಲ. ಅದರ ಸುತ್ತಲೂ ವರ್ಷಗಟ್ಟಲೆಯ ಮಣ್ಣು ಎಣ್ಣೆಯೊಂದಿಗೆ ಸೇರಿ ಗಟ್ಟಿಯಾಗಿದೆ. ಆ ಮುಚ್ಚಳವನ್ನು ಬಿಚ್ಚದೆ ಒಳಗಿನ ಜೋಡಣೆಯನ್ನು ಬದಲಿಸುವ ವಿದ್ಯೆ ನಿಮ್ಮ ಬಳಿ ಇದ್ದರೆ ದಯವಿಟ್ಟು ಬರಹದಲ್ಲಿ ತಿಳಿಸಿ. ವಿಡಿಯೊ ಮತ್ತು ಫೋಟೊಗಳನ್ನು ಪೆನ್‌ಡ್ರೈವ್‌ನಲ್ಲಿ ಇದರೊಂದಿಗೆ ಕಳಿಸಿದ್ದೇನೆ.

ಟೈರಿನ ಕಥೆ ಇದಕ್ಕಿಂತ ಕಡಿಮೆಯದೇನಲ್ಲ. ನವೆಂಬರ್ 2024ರಲ್ಲಿ ‘ಹೊಸ ಸ್ಟಾಕ್’ ಎಂದು ಹಾಕಿದ ಹಿಂದಿನ ಟೈರುಗಳ ಒಳಬದಿಯಲ್ಲಿ ತಯಾರಿಕೆಯ ಸಂಖ್ಯೆ 2219 ಎಂದಿದೆ. ಅಂದರೆ 2019ನೇ ಇಸವಿಯ 22ನೇ ವಾರ. ಐದು ವರ್ಷಕ್ಕೂ ಮೀರಿ ಗೋದಾಮಿನಲ್ಲಿದ್ದ ರಬ್ಬರು ಗಡಸಾಗುತ್ತದೆ, ಲೋನಾವಳದ ಚಳಿಯ ಮುಂಜಾನೆಯಲ್ಲಂತೂ ಉಗುರು ಊರುವುದಿಲ್ಲ. ಸಂಖ್ಯೆ ಕಾಣುವ ಬದಿಯನ್ನು ಎರಡೂ ಟೈರುಗಳಲ್ಲಿ ಒಳಕ್ಕೇ ಹಾಕಿರುವುದು ಕಾಕತಾಳೀಯ ಎಂದೇ ನಂಬೋಣ. ಟ್ರೆಡ್‌ವೇರ್ 200ರದ್ದು ಕೊಡುತ್ತೇವೆ ಎಂದಿದ್ದಿರಿ, ಟೈರಿನ ಮೇಲೆ 340 ಎಂದಿದೆ. ಅಂಕಿ ಹೆಚ್ಚಿದಷ್ಟೂ ಟೈರು ನಿಧಾನವಾಗಿ ಸವೆಯುತ್ತದೆ ಎಂದರ್ಥ. ಈ ಅಂಕಿಯನ್ನು ಆಯಾ ಕಂಪನಿಯೇ ಕೊಟ್ಟುಕೊಳ್ಳುವುದರಿಂದ ಒಂದು ಕಂಪನಿಯದನ್ನು ಇನ್ನೊಂದಕ್ಕೆ ತೂಗುವುದು ಪೂರ್ತಿ ಸರಿಯಲ್ಲ. ಆದರೂ ಬಹಳ ದಿನ ಬಾಳುವ ಟೈರು ಬೇರೆ, ಅಂಟಿ ಹಿಡಿಯುವ ಟೈರು ಬೇರೆ ಎಂಬುದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಅದಕ್ಕಿಂತ ಸೋಜಿಗವೆಂದರೆ ಅಳತೆ. ಮೊದಲು ಹಿಂದಿದ್ದದ್ದು 255/40, 18 ಇಂಚು. ಅದರ ಪಕ್ಕದ ಗೋಡೆಯ ಎತ್ತರ 102 ಮಿಲಿಮೀಟರ್. ನೀವು ಹಾಕಿದ್ದು 275/30, 19 ಇಂಚು, ಗೋಡೆ 82 ಮಿಲಿಮೀಟರ್ ಚಿಲ್ಲರೆ. ಡ್ರ್ಯಾಗ್ ಓಟಗಾರರು ಜಗತ್ತಿನೆಲ್ಲೆಡೆ ರಿಮ್ ಚಿಕ್ಕದು ಮಾಡಿ ರಬ್ಬರಿನ ಗೋಡೆ ಎತ್ತರಿಸುತ್ತಾರೆ. ಹೊರಡುವ ಕ್ಷಣದಲ್ಲಿ ಆ ಗೋಡೆ ಸುಕ್ಕಾಗಿ ಹೊಡೆತವನ್ನು ಮೆತ್ತಗೆ ತೆಗೆದುಕೊಂಡು ಟೈರಿನ ಹೆಚ್ಚು ಭಾಗವನ್ನು ನೆಲಕ್ಕೆ ಒತ್ತಲಿ ಎಂಬುದು ಅದರ ಉದ್ದೇಶ. ನೀವು ಮಾಡಿದ್ದು ಇದಕ್ಕೆ ಉಲ್ಟಾ. ಅದರ ಮೇಲೆ ನಿಮ್ಮ ಹುಡುಗ 40 ಪಿಎಸ್‌ಐ ಗಾಳಿ ತುಂಬಿ, ಸ್ಟಾರ್ಟ್ ಗೆರೆಯಲ್ಲಿ ನಿಂತಲ್ಲೇ ಚಕ್ರ ತಿರುಗಿಸಿ ಟೈರು ಕಾಸುವ ಉದ್ದನೆಯ ಬರ್ನ್‌ಔಟ್ ಮಾಡಿ ಎಂದು ಹೇಳಿ ಕಳಿಸಿದ. ರಸ್ತೆಯ ಟೈರಿಗೆ ಧೂಳು ಕೊಡವಿಕೊಳ್ಳುವಷ್ಟು ತಿರುಗಿಸಿದರೆ ಸಾಕು. ಅತಿಯಾಗಿ ಕಾಸಿದರೆ ಮೇಲ್ಮೈ ಜಿಡ್ಡಾಗಿ ಜಾರುತ್ತದೆ.

ಅಷ್ಟು ಅಗಲದ ಟೈರಾದರೂ ನೆಲ ಮುಟ್ಟಿದೆಯೇ? ಅದೂ ಇಲ್ಲ. ಒಳ ಅಂಚಿನ ನಾಲ್ಕು ಬೆರಳಗಲ ಮಾತ್ರ ಸುಟ್ಟು, ನುಣುಪಾಗಿ, ನೀಲಿ ಛಾಯೆಗೆ ತಿರುಗಿದೆ. ಹೊರ ಅಂಚಿನಲ್ಲಿ ಅಚ್ಚಿನಿಂದ ಹೊರಬಂದಾಗ ಇರುವ ರಬ್ಬರಿನ ಸಣ್ಣ ಕೂದಲುಗಳು ಇನ್ನೂ ಹಾಗೆಯೇ ನಿಂತಿವೆ, ಬೆರಳಾಡಿಸಿದರೆ ಚುಚ್ಚುತ್ತವೆ. ಅಲೈನ್‌ಮೆಂಟ್ ಅಂಗಡಿಯ ಅಚ್ಚಿನ ಪ್ರಕಾರ ಹಿಂದಿನ ಕ್ಯಾಂಬರ್, ಎಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದರೆ ಮೈನಸ್ ಆಗುವ ಕೋನ, ಎಡಕ್ಕೆ ಮೈನಸ್ 3.2, ಬಲಕ್ಕೆ ಮೈನಸ್ 2.9 ಡಿಗ್ರಿ. ಕಾರನ್ನು 45 ಮಿಲಿಮೀಟರ್ ತಗ್ಗಿಸಿ, ಕ್ಯಾಂಬರ್ ಸರಿಪಡಿಸದೆ ಬಿಟ್ಟರೆ ಆಗುವುದೇ ಇದು. ಹೊರಡುವಾಗ ಹಿಂಭಾಗ ಕುಸಿದು ಚಕ್ರ ಇನ್ನಷ್ಟು ಒಳಕ್ಕೆ ವಾಲುತ್ತದೆ. ಸ್ಪ್ರಿಂಗಿನ ಕುಣಿತ ತಡೆಯುವ ಡ್ಯಾಂಪರ್‌ಗಳನ್ನು ತುತ್ತತುದಿಯ ಗಡಸಿಗೆ ತಿರುಗಿಸಿಟ್ಟಿದ್ದರಿಂದ ಸಣ್ಣ ಏರುತಗ್ಗಿಗೂ ಚಕ್ರ ಕುಪ್ಪಳಿಸುತ್ತದೆ. 275ರ ಟೈರಿಗೆ ಹಣ ಕೊಟ್ಟು ನಾನು ಓಡಿಸಿದ್ದು ಸ್ಕೂಟರಿನ ಅಗಲದಲ್ಲಿ.

ಬಿಲ್ಲಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ‘ಪರ್ಫಾರ್ಮೆನ್ಸ್ ಬಿಡಿಭಾಗಗಳಿಗೆ ವಾರಂಟಿ ಇಲ್ಲ’ ಎಂದಿರುವುದನ್ನು ನೀವು ಎರಡು ಸಲ ನೆನಪಿಸಿದ್ದೀರಿ. ವಾರಂಟಿಯ ಪ್ರಶ್ನೆ ಏಳುವುದು ಹಾಕಿದ ಭಾಗ ಮುರಿದಾಗ. ನನ್ನ ದೂರಿರುವುದು ಹಾಕದೇ ಇರುವ ಭಾಗದ ಬಗ್ಗೆ. ಇನ್ನು “ರಾತ್ರಿ ಎಕ್ಸ್‌ಪ್ರೆಸ್‌ವೇಯಲ್ಲಿ ಒಮ್ಮೆ ಎಳೆದು ನೋಡಿ, ಟೈರು ಪಳಗುತ್ತದೆ” ಎಂಬ ನಿಮ್ಮ ಸಲಹೆ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ವೇಗದ ಪೈಪೋಟಿ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. ನಾನು ಮುಚ್ಚಿದ ಏರ್‌ಸ್ಟ್ರಿಪ್ ಬಿಟ್ಟು ಬೇರೆಲ್ಲೂ ಓಡಿಸುವವನಲ್ಲ. ಈ ಸಲಹೆಯನ್ನು ಇನ್ನೊಬ್ಬ ಗ್ರಾಹಕನಿಗೆ, ಅದರಲ್ಲೂ ಹುಡುಗರಿಗೆ, ದಯವಿಟ್ಟು ಕೊಡಬೇಡಿ.

ನನ್ನ ಬೇಡಿಕೆ ಹೀಗಿದೆ. ಹಾಕದ ಡಿಫರೆನ್ಶಿಯಲ್‌ನ 1,78,000 ರೂಪಾಯಿ ಪೂರ್ತಿ ವಾಪಸು ಬರಬೇಕು. ಹಾಕಿದ್ದೇವೆ ಎಂದೇ ನೀವು ಹೇಳುವುದಾದರೆ ಅದರ ಖರೀದಿ ರಸೀದಿ, ಸರಣಿ ಸಂಖ್ಯೆ ಕೊಡಿ, ನಾನು ಆರಿಸಿದ ಮೆಕ್ಯಾನಿಕ್ ಎದುರಲ್ಲಿ ಮುಚ್ಚಳ ಬಿಚ್ಚಿಸೋಣ. 19 ಇಂಚಿನ ರಿಮ್ಮು, ಟೈರುಗಳನ್ನು ಹಿಂದಕ್ಕೆ ಪಡೆದು 1,41,000 ರೂಪಾಯಿ ಹಿಂತಿರುಗಿಸಿ, ನಿಮ್ಮ ಗ್ಯಾರೇಜಿನಲ್ಲೇ ಉಳಿದಿರುವ ನನ್ನ ಹಳೆಯ 18 ಇಂಚಿನ ನಾಲ್ಕೂ ರಿಮ್ಮುಗಳನ್ನು ಒಪ್ಪಿಸಿ. 95,000 ರೂಪಾಯಿ ಪಡೆದ ಸಸ್ಪೆನ್ಶನ್ ಕೆಲಸದಲ್ಲಿ ಎತ್ತರ ಮತ್ತು ಕ್ಯಾಂಬರ್ ಅನ್ನು ಪುಕ್ಕಟೆಯಾಗಿ ಸರಿಪಡಿಸಿ, ಅಲೈನ್‌ಮೆಂಟಿನ ಅಚ್ಚು ಕೊಡಿ. ರೀಮ್ಯಾಪ್‌ನ 62,000 ರೂಪಾಯಿಯನ್ನು ನಾನು ಕೇಳುತ್ತಿಲ್ಲ, ಕೊನೆಯ ವೇಗ ನೋಡಿದರೆ ಆ ಕೆಲಸ ಮಾಡಿದವನಿಗೆ ಕೈಗುಣ ಇದೆ. ಮೊದಲ ಎರಡು ಗೇರುಗಳಲ್ಲಿ ಟಾರ್ಕ್ ಅನ್ನು ಮಿತಿಗೊಳಿಸಿ, ಮೂರನೆಯದರಿಂದ ಪೂರ್ತಿ ಬಿಡುವಂತೆ ಅವನಿಂದಲೇ ಮತ್ತೊಮ್ಮೆ ತಿದ್ದಿಸಿ ಕೊಟ್ಟರೆ ಸಾಕು.

ಪತ್ರ ತಲುಪಿದ 15 ದಿನಗಳೊಳಗೆ ಬರಹದಲ್ಲಿ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿಗಾಗಿ ಪುಣೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಕೊಟ್ಟ ಹಣ ಐದು ಲಕ್ಷದೊಳಗಿರುವುದರಿಂದ ಅಲ್ಲಿ ಶುಲ್ಕವೂ ಇಲ್ಲ. ಟೈರುಗಳನ್ನು ಕಾರಿನಿಂದ ಇಳಿಸಿ, ಇದ್ದ ಸ್ಥಿತಿಯಲ್ಲೇ ಮನೆಯಲ್ಲಿ ಇರಿಸಿದ್ದೇನೆ. ಪರಿಶೀಲಿಸಲು ಬರುವುದಾದರೆ ಭಾನುವಾರ ಬೆಳಿಗ್ಗೆ ಹತ್ತರ ನಂತರ ಬನ್ನಿ, ಮೊದಲೇ ತಿಳಿಸಿದರೆ ಇನ್ನೊಬ್ಬ ಮೆಕ್ಯಾನಿಕ್‌ನನ್ನೂ ಕರೆಸಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ಪ್ರತಿ, ಎರಡು ಟೈಮ್ ಸ್ಲಿಪ್‌ಗಳ ಪ್ರತಿ, ಅಲೈನ್‌ಮೆಂಟ್ ಅಚ್ಚು, ಪೆನ್‌ಡ್ರೈವ್