ತರಗೆಲೆಯ ವಿನಾಯಿತಿಯಲ್ಲೇ ಸುಟ್ಟುಹೋಗುವ ನಿಯಮ

ಮಾನ್ಯ ಸಂಪಾದಕರೇ,

ಮನೆಯ ಕಸವನ್ನು ಬಯಲಿನಲ್ಲಿ ಸುಡುವುದನ್ನು ನಿರ್ಬಂಧಿಸಲು ಸ್ಥಳೀಯ ಸಂಸ್ಥೆಗಳು ರೂಪಿಸುವ ನಿಯಮಗಳನ್ನು ಓದುವಾಗ ದಂಡದ ಮೊತ್ತಕ್ಕಿಂತ ಮೊದಲು ನಾನು ಹುಡುಕುವುದು ವಿನಾಯಿತಿಯ ಕಲಮನ್ನು. ಪ್ಲಾಸ್ಟಿಕ್, ರಬ್ಬರ್, ಟೈರು ಸುಡಬಾರದೆಂದು ಒಂದು ಸಾಲಿನಲ್ಲಿ ಹೇಳಿ, ಒಣ ಎಲೆ, ಕಡ್ಡಿ, ಕಾಗದಗಳನ್ನು ಸ್ವಂತ ಆವರಣದೊಳಗೆ ನಿಗದಿತ ವೇಳೆಯಲ್ಲಿ ಸುಡಬಹುದೆಂದು ಮರುಸಾಲಿನಲ್ಲೇ ಸಡಿಲಿಸುವುದು ಇಂಥ ನಿಯಮಗಳಲ್ಲಿ ಆಗಾಗ ಕಾಣುವ ರೂಢಿ. ಈ ಸಡಿಲಿಕೆ ಮೇಲ್ನೋಟಕ್ಕೆ ವಿವೇಕದ್ದೆಂದು ತೋರಿದರೂ, ನಿಯಮದ ಉಳಿದೆಲ್ಲ ಮಾತುಗಳನ್ನು ನಿರರ್ಥಕಗೊಳಿಸುವುದು ಇದೇ ಎಂಬ ನನ್ನ ಅಭಿಪ್ರಾಯವನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಮುಂದಿಡಲು ಬಯಸುತ್ತೇನೆ.

ಮೊದಲ ತೊಡಕು ಸಾಕ್ಷ್ಯದ್ದು. ಯಾರೋ ದೂರು ಕೊಟ್ಟು, ಅದನ್ನು ವಿಚಾರಿಸಲು ಸಿಬ್ಬಂದಿ ಬರುವ ಹೊತ್ತಿಗೆ ಅಲ್ಲಿ ಉಳಿದಿರುವುದು ಬೂದಿ ಮಾತ್ರ. ಅದು ಎಲೆಯ ಬೂದಿಯೋ, ಎಲೆಯ ನಡುವೆ ಸೇರಿಸಿದ ಪ್ಲಾಸ್ಟಿಕ್ ಚೀಲದ ಬೂದಿಯೋ ಎಂದು ಬರಿಗಣ್ಣಿನಿಂದ ನೋಡಿ ಖಚಿತವಾಗಿ ಹೇಳಲಾಗದು. ಸುಟ್ಟವರು ‘ಬರೀ ತರಗೆಲೆ’ ಎಂದರೆ ವಿಚಾರಣೆ ಅಲ್ಲಿಗೆ ಮುಗಿಯಿತು. ಕಾಗದದ ವಿಷಯವಂತೂ ಇನ್ನೂ ಗೊಂದಲದ್ದು. ಕಾಗದದ ಲೋಟದ ಒಳಮೈಗೆ ಸಾಮಾನ್ಯವಾಗಿ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನ ಪೊರೆ ಇರುತ್ತದೆ. ಹಣ್ಣಿನ ರಸ ತುಂಬಿ ಮಾರುವ ರಟ್ಟಿನ ಪೊಟ್ಟಣಗಳಲ್ಲಿ ರಟ್ಟು, ಪ್ಲಾಸ್ಟಿಕ್, ಅಲ್ಯೂಮಿನಿಯಂಗಳ ಪದರಗಳನ್ನು ಒಂದರ ಮೇಲೊಂದು ಅಂಟಿಸಿರುತ್ತಾರೆ. ರಟ್ಟಿನ ಪೆಟ್ಟಿಗೆಯೆಂದರೆ ಅದರ ಸುತ್ತ ಹೆಚ್ಚಾಗಿ ಪ್ಲಾಸ್ಟಿಕ್ ಅಂಟುಪಟ್ಟಿ ಇರುತ್ತದೆ. ಇವನ್ನು ಕಾಗದವೆಂದೇ ನಂಬಿ ಬೆಂಕಿಗೆ ಹಾಕುವವರು ಸುಳ್ಳುಗಾರರೇನಲ್ಲ. ಹಲವು ವರ್ಷ ನಾನೂ ಹಿತ್ತಿಲಲ್ಲಿ ಹೀಗೆಯೇ ಸುಟ್ಟವನು, ಅದೂ ನಿಯಮವನ್ನು ಪಾಲಿಸುತ್ತಿದ್ದೇನೆಂಬ ಪೂರ್ಣ ನೆಮ್ಮದಿಯಿಂದ.

ಪ್ಲಾಸ್ಟಿಕ್ ಒಂದನ್ನು ಹೊರಗಿಟ್ಟರೆ ಹೊಗೆ ನಿರಪಾಯಕಾರಿ ಎಂಬ ಎಣಿಕೆಯೂ ಸರಿಯಲ್ಲ. ಯುರೋಪಿನ ನಿಯಮಗಳ ಪ್ರಕಾರ ಕಸ ಸುಡುವ ಸ್ಥಾವರದಲ್ಲಿ ಹೊರಡುವ ಅನಿಲವನ್ನು ಕನಿಷ್ಠ 850 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎರಡು ಸೆಕೆಂಡುಗಳಾದರೂ ಇರಿಸಬೇಕು. ಆ ಬಳಿಕವೂ ಅದನ್ನು ಶುದ್ಧೀಕರಿಸದೆ ಹೊರಬಿಡುವಂತಿಲ್ಲ. ಹಿತ್ತಿಲಿನ ಕಸದ ಗುಡ್ಡೆಯಲ್ಲಿ ಅಷ್ಟು ಬಿಸಿ ಉದ್ದಕ್ಕೂ ನಿಲ್ಲುವುದಿಲ್ಲ. ಒಳಭಾಗಕ್ಕೆ ಗಾಳಿ ಸಾಲದೆ ಅರ್ಧಂಬರ್ಧ ಉರಿದು, ಸುಮಾರು 200ರಿಂದ 450 ಡಿಗ್ರಿಗಳ ನಡುವೆ, ಅಂದರೆ ಡಯಾಕ್ಸಿನ್ ಎಂಬ ಕಡುವಿಷದ ರಾಸಾಯನಿಕ ಹುಟ್ಟಲು ಅನುಕೂಲವಾದ ಬಿಸಿಯಲ್ಲೇ, ಅದು ಬಹುಕಾಲ ಹೊಗೆಯಾಡುತ್ತದೆ. ಡಯಾಕ್ಸಿನ್ ಹುಟ್ಟಲು ಬೇಕಾದ ಕ್ಲೋರಿನ್ ಪಿವಿಸಿ ಎಂಬ ಪ್ಲಾಸ್ಟಿಕ್‌ನಿಂದ ಮಾತ್ರವಲ್ಲ, ಉಳಿದ ಆಹಾರದಲ್ಲಿನ ಉಪ್ಪಿನಿಂದಲೂ ದೊರೆಯುತ್ತದೆ. ಕಸದಲ್ಲಿ ತಾಮ್ರದ ಚೂರುಗಳಿದ್ದರೆ ಆ ರಾಸಾಯನಿಕ ಕ್ರಿಯೆ ಇನ್ನೂ ಚುರುಕಾಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಂಶೋಧಕರು ಪೀಪಾಯಿಯಲ್ಲಿ ಮನೆಯ ಕಸ ಸುಟ್ಟು ಅಳೆದು, ಹೀಗೆ ದಿನವೂ ಸುಡುವ 2ರಿಂದ 40 ಮನೆಗಳು ಹೊರಬಿಡುವ ಡಯಾಕ್ಸಿನ್ ಮತ್ತು ಅದೇ ಬಗೆಯ ವಿಷಗಳಾದ ಫ್ಯೂರಾನ್‌ಗಳ ಪ್ರಮಾಣವು ದಿನಕ್ಕೆ ಸುಮಾರು 180 ಟನ್ ಕಸವನ್ನು ಸುಡುವ ಸುಸಜ್ಜಿತ ಸ್ಥಾವರವೊಂದರ ಪ್ರಮಾಣಕ್ಕೆ ಸಮನಾಗಬಹುದೆಂದು 2000ದಲ್ಲಿ ಪ್ರಕಟಿಸಿದರು. ಸ್ಥಾವರ ಕಟ್ಟುವ ಪ್ರಸ್ತಾಪ ಬಂದರೆ ವರ್ಷಗಟ್ಟಲೆ ವಿರೋಧಿಸುವ ನಾವು ಬೀದಿಯ ಹತ್ತಾರು ಹಿತ್ತಿಲುಗಳಲ್ಲಿ ಏಳುವ ಹೊಗೆಯನ್ನು ನೋಡಿಯೂ ಸುಮ್ಮನಿರುತ್ತೇವೆ.

ಸ್ಥಳೀಯ ನಿಯಮಗಳಲ್ಲಿ ಸಾಮಾನ್ಯವಾಗಿ ಇನ್ನೊಂದು ಊಹೆ ಅಡಗಿರುತ್ತದೆ: ಹೊಗೆಯೆಂದರೆ ನೆರೆಯವರಿಗೆ ಆಗುವ ಕಿರಿಕಿರಿ, ನೆರೆಯವರು ದೂರದಿದ್ದರೆ ತಪ್ಪೂ ಇಲ್ಲ. ಆದರೆ ಡಯಾಕ್ಸಿನ್ ಮನುಷ್ಯರನ್ನು ಮುಖ್ಯವಾಗಿ ತಲುಪುವುದು ಉಸಿರಿನ ಮೂಲಕವಲ್ಲ. ಅದು ಹುಲ್ಲು, ಮಣ್ಣುಗಳ ಮೇಲೆ ಕೂತು, ಮೇಯುವ ಪ್ರಾಣಿಗಳ ಕೊಬ್ಬಿನಲ್ಲಿ ಸೇರಿ, ಹಾಲು, ಮಾಂಸಗಳ ಮೂಲಕ ಬರುತ್ತದೆ. ಮನುಷ್ಯರ ದೇಹ ಸೇರುವ ಡಯಾಕ್ಸಿನ್‌ನ ಶೇ 90ಕ್ಕೂ ಹೆಚ್ಚು ಭಾಗ ಆಹಾರದ ಮೂಲಕವೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಮ್ಮೆ ಒಳಸೇರಿದ್ದರಲ್ಲಿ ಅರ್ಧದಷ್ಟು ಕರಗಲು 7ರಿಂದ 11 ವರ್ಷ ಬೇಕೆಂಬುದೂ ಅದೇ ಸಂಸ್ಥೆಯ ಅಂದಾಜು. ಹೀಗಿರುವಾಗ ಅಕ್ಕಪಕ್ಕದವರ ಒಪ್ಪಿಗೆ ಪಡೆದು ಸುಡುವುದಕ್ಕೆ ಅನುಮತಿ ಕೊಡುವುದು ಅರ್ಥವಿಲ್ಲದ ಏರ್ಪಾಡು. ಕಸದ ಬೂದಿಯನ್ನು ಗೊಬ್ಬರವೆಂದು ತರಕಾರಿ ಪಾತಿಗೆ ಹಾಕುವ ಅಭ್ಯಾಸವೂ ಅಷ್ಟೇ ಅಪಾಯದ್ದು; ಬಣ್ಣ ಬಳಿದ ಅಥವಾ ಗೆದ್ದಲು ನಿರೋಧಕ ಹಚ್ಚಿದ ಮರದ ತುಂಡುಗಳು ಅದರಲ್ಲಿ ಸೇರಿದ್ದರೆ ಸೀಸ, ಆರ್ಸೆನಿಕ್‌ನಂಥವು ಬೂದಿಯಲ್ಲಿ ಉಳಿಯುತ್ತವೆ.

ಅಪ್ಪಟ ತರಗೆಲೆಯನ್ನೇ ಸುಟ್ಟರೆ? ಎಲೆಯ ರಾಶಿ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಅದು ಜ್ವಾಲೆಯಾಗಿ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಹಾಗೆ ಹೊಗೆಯಾಡುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ, ಬೆಂಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಮತ್ತು ಶ್ವಾಸಕೋಶದ ಆಳಕ್ಕಿಳಿಯುವ 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣಗಳು ಹೊರಬೀಳುತ್ತವೆ. ಇಲ್ಲಿ ನಿಗದಿತ ವೇಳೆಯ ಕಲಮನ್ನು ವಿಶೇಷವಾಗಿ ಗಮನಿಸಬೇಕು. ಗಾಳಿಯಿಲ್ಲದ ವೇಳೆಯಲ್ಲಿ ಮಾತ್ರ, ಮುಂಜಾನೆ ಅಥವಾ ಸಂಜೆ ಸುಡಿ ಎನ್ನುವ ಷರತ್ತಿನ ಹಿಂದಿರುವುದು ಬೆಂಕಿ ಹರಡದಿರಲೆಂಬ ಕಾಳಜಿ. ಅಗ್ನಿಶಾಮಕ ದಳದ ದೃಷ್ಟಿಯಿಂದ ಅದು ಸರಿಯೇ. ಆದರೆ ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣಿದು, ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂರುವುದರಿಂದ, ಆ ಹೊತ್ತಿನ ಹೊಗೆ ಮೇಲೇರಲಾರದೆ ಕಿಟಕಿಗಳ ಮಟ್ಟದಲ್ಲೇ ತಂಗುತ್ತದೆ, ಮುಂಜಾನೆಯವರೆಗೂ. ಬೆಂಕಿಗೆ ಸುರಕ್ಷಿತವಾದ ವೇಳೆಯೇ ಉಸಿರಿಗೆ ಅತ್ಯಂತ ಕೆಟ್ಟದ್ದಾದ್ದರಿಂದ, ಎರಡನ್ನೂ ತೃಪ್ತಿಪಡಿಸುವ ಹೊತ್ತನ್ನು ಯಾವ ನಿಯಮವೂ ಸುಲಭವಾಗಿ ಗೊತ್ತುಪಡಿಸಲಾರದು.

ಪೂರ್ಣ ನಿಷೇಧ ಅಸಾಧ್ಯವೆಂಬ ವಾದಕ್ಕೆ ಹಳೆಯದೊಂದು ಉತ್ತರವಿದೆ. ಲಾಸ್ ಏಂಜಲೀಸ್‌ ಪ್ರದೇಶದಲ್ಲಿ ಒಂದು ಕಾಲಕ್ಕೆ ಮನೆಮನೆಯ ಹಿತ್ತಿಲಲ್ಲೂ ಕಸ ಸುಡುವ ಪುಟ್ಟ ಒಲೆಗಳಿದ್ದವು. ನಗರವನ್ನು ಕವಿಯುತ್ತಿದ್ದ ಹೊಗೆಮಂಜಿನ ವಿರುದ್ಧ ವರ್ಷಗಳ ಜಗ್ಗಾಟ ನಡೆದು, 1957ರಲ್ಲಿ ಅವನ್ನು ನಿಷೇಧಿಸಲಾಯಿತು. ಅಲ್ಲಿನ ಹೊಗೆಮಂಜಿಗೆ ವಾಹನಗಳ ಪಾಲು ದೊಡ್ಡದಿದ್ದುದರಿಂದ ಅಷ್ಟಕ್ಕೇ ಆಕಾಶ ತಿಳಿಯಾಗಲಿಲ್ಲ, ಆದರೆ ಹಿತ್ತಿಲಿನ ಹೊಗೆ ನಿಂತಿತು. ಸುಡುವುದು ನಿಂತ ಮೇಲೆ ಕಸವನ್ನು ಮನೆಗಳಿಂದ ಒಯ್ಯುವ ಹೊಣೆ ಆಡಳಿತದ ಮೇಲೆ ಬಿತ್ತೆಂಬುದನ್ನೂ ಮರೆಯುವಂತಿಲ್ಲ. ಕಸದ ಗಾಡಿಯೇ ಬಾರದ ಬೀದಿಯಲ್ಲಿ ದಂಡ ವಿಧಿಸುವುದು ಅನ್ಯಾಯ. ಜಗತ್ತಿನ ಕಸದಲ್ಲಿ ಶೇ 40ರಷ್ಟನ್ನು ಬಯಲಲ್ಲೇ ಸುಡಲಾಗುತ್ತಿದೆಯೆಂದು 2014ರ ಅಧ್ಯಯನವೊಂದು ಅಂದಾಜಿಸಿತ್ತು. ಅಷ್ಟೂ ಜನ ಹಟಮಾರಿಗಳೆಂದು ಭಾವಿಸುವುದಕ್ಕಿಂತ, ಅವರಲ್ಲಿ ಬಹುಪಾಲಿಗೆ ಬೇರೆ ದಾರಿ ಇಲ್ಲವೆಂದು ಭಾವಿಸುವುದು ಹೆಚ್ಚು ಸಮಂಜಸ.

ಆದ್ದರಿಂದ ನಿಯಮ ರೂಪಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಏನನ್ನು ಸುಟ್ಟರೆಂಬುದನ್ನು ಬಿಟ್ಟು, ಕಸಕ್ಕೆ ಬೆಂಕಿ ಹಾಕಿದ್ದನ್ನೇ ತಪ್ಪೆಂದು ಹೇಳಲಿ, ಅದು ಬೀದಿಯಾಗಲಿ ಸ್ವಂತ ಆವರಣವಾಗಲಿ; ಆಗ ಬೂದಿಯನ್ನು ಪರೀಕ್ಷಿಸುವ ಪ್ರಮೇಯವೇ ಬಾರದು. ನಿಷೇಧ ಜಾರಿಗೆ ಬರುವ ದಿನವನ್ನು ಆಯಾ ಬೀದಿಯಲ್ಲಿ ಕಸ ಸಂಗ್ರಹ ಕ್ರಮವಾಗಿ ಆರಂಭವಾದ ದಿನಕ್ಕೆ ಜೋಡಿಸಲಿ. ತರಗೆಲೆಯ ವಿನಾಯಿತಿಯನ್ನು ತೆಗೆದುಹಾಕಿ, ಆ ಜಾಗದಲ್ಲಿ ಎಲೆಗಳನ್ನು ಗುಂಡಿಯಲ್ಲೋ ತಂತಿಬಲೆಯ ಗೂಡಿನಲ್ಲೋ ಕೊಳೆಸಲು ಬೇಕಾದ ನೆರವನ್ನು ಬರೆಯಲಿ. ಎಲೆಗಳನ್ನು ತುಳಿದು ಪುಡಿಮಾಡಿ, ಆಗಾಗ ನೀರು ಚಿಮುಕಿಸಿ, ನಡುನಡುವೆ ಹಸಿ ಕಸ ಸೇರಿಸಿ ಮಗುಚುತ್ತಿದ್ದರೆ ಕೆಲವು ತಿಂಗಳುಗಳಲ್ಲಿ ಅವು ಕಪ್ಪು ಗೊಬ್ಬರವಾಗುತ್ತವೆ. ನನ್ನ ಹಿತ್ತಿಲಲ್ಲಿ ಮೊದಲು ಸುಡುತ್ತಿದ್ದ ಜಾಗದಲ್ಲೇ ಈಗ ಆ ಗುಂಡಿ ಇದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ