ಹಳೆಯ ಚಿತ್ರ ಪೂರ್ತಿ ತೋರಿಸಿ

ಮಾನ್ಯರೇ,

ದಾಂಪತ್ಯದ ಕಷ್ಟ ಹೇಳುವ ಹಳೆಯ ಕನ್ನಡ ಚಿತ್ರಗಳನ್ನು ಟಿವಿಯಲ್ಲಿ ಮನಬಂದಂತೆ ಕತ್ತರಿಸುವುದು ನಿಲ್ಲಬೇಕು. ಕಳೆದ ಭಾನುವಾರ ಹೆಂಡತಿಯ ಜೊತೆ ಕೂತು ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ (1973) ನೋಡಿದೆ. ಬಣ್ಣ ಮಾಸಿತ್ತು. ಮಾಧವಿಯ ವಿರಹದ ಹಾಡು ಅರ್ಧಕ್ಕೇ ನಿಂತು ಸೋಪಿನ ಜಾಹೀರಾತು ಬಂತು. ಯುದ್ಧದಲ್ಲಿ ಪುರುಷತ್ವ ಕಳೆದುಕೊಂಡ ಸೈನಿಕನ ಹೆಂಡತಿ ಅವಳು. ಆ ಹಾಡೇ ಇಲ್ಲದಿದ್ದರೆ ಮಾಧವಿಯಾಗಿ ನಟಿಸಿದ ಜಯಂತಿ ಅವರ ಕಣ್ಣಲ್ಲಿನ ನೋವು ತಿಳಿಯುವುದು ಹೇಗೆ? ಇದು ಮಕ್ಕಳ ಚಿತ್ರ ಅಲ್ಲ, ನಿಜ. ಆದರೆ ಗಂಡ ಹೆಂಡತಿ ಬಾಯಿಬಿಟ್ಟು ಆಡದ ಮಾತನ್ನು ಅದು ಆಡುತ್ತದೆ. ಮುಗಿದ ಮೇಲೆ ನಾವಿಬ್ಬರೂ ತುಂಬಾ ಹೊತ್ತು ಮಾತಾಡಿದೆವು. ಚಲನಚಿತ್ರ ಅಕಾಡೆಮಿ ಇಂಥ ಚಿತ್ರಗಳ ಒಳ್ಳೆಯ ಪ್ರತಿ ಮಾಡಿಸಿ, ಜಿಲ್ಲಾ ಕೇಂದ್ರಗಳಲ್ಲಿ ದಂಪತಿಗಳಿಗಾಗಿ ಸಂಜೆ ಪ್ರದರ್ಶನ ಇಡಲಿ.

– ಓದುಗ, ಮೈಸೂರು